ತೌಡು ಕೊಟ್ಟು ಕೊಂಡ ಮಗಳು

ಮೂವತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದವನು ನಾನು. ದೆವ್ವ, ದೃಷ್ಟಿ, ಗಾಳಿ ಸೋಕು ಇವನ್ನೆಲ್ಲ ತರಗತಿಯಲ್ಲಿ ಎಷ್ಟು ಸಲ ಗೇಲಿ ಮಾಡಿದ್ದೇನೋ ನೆನಪಿಲ್ಲ. ತಾಯಿತ ಕಟ್ಟಿಕೊಂಡು ಬಂದ ಹುಡುಗರಿಂದ ಅದನ್ನು ಬಿಚ್ಚಿಸಿ ಮೇಜಿನ ಮೇಲೆ ಇಡಿಸಿ, "ಈಗ ನೋಡೋಣ, ಯಾವ ದೆವ್ವ ಬರುತ್ತೆ" ಎನ್ನುತ್ತಿದ್ದೆ. ತರಗತಿಯೆಲ್ಲ ನಗುತ್ತಿತ್ತು, ನನಗೆ ಹಿಗ್ಗಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆದದ್ದನ್ನು ಓದಿ ನೀವು ನನ್ನನ್ನು ಗೇಲಿ ಮಾಡಿದರೆ ನನಗೆ ಸಿಟ್ಟು ಬರುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನನ್ನ ಊರು ಸಿಂಗಾಪುರ. ಸಮುದ್ರದಾಚೆಯದಲ್ಲ ಮಾರಾಯರೇ, ಯಲಹಂಕದ ಪಕ್ಕದ ಸಿಂಗಾಪುರ. ಈಗ ಅಲ್ಲಿ ಬಡಾವಣೆಗಳೆದ್ದಿವೆ. ಆಗ ಒಂದಷ್ಟು ಮಣ್ಣಿನ ಮನೆಗಳು, ಒಂದು ಕೆರೆ, ಸುತ್ತ ರಾಗಿ ಹೊಲ, ಊರಿಂದ ಕೂಗಳತೆ ದೂರದಲ್ಲಿ ಕೇರಿ, ಇಷ್ಟೇ ಇತ್ತು. ನಮ್ಮ ಮನೆತನದಲ್ಲಿ ನೇಗಿಲು ಬಿಟ್ಟು ಸೀಮೆಸುಣ್ಣ ಹಿಡಿದ ಮೊದಲನೆಯವನು ನಾನೇ. ಯಲಹಂಕದ ಮಾಧ್ಯಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹಳೇ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದೆ, ಒಂದು ಸೈಕಲ್ ಕೊಂಡೆ, ಜಯಮ್ಮನನ್ನು ಮದುವೆಯಾದೆ. ಅಪ್ಪ ತೀರಿಕೊಂಡಿದ್ದರು. ಅವ್ವ ಮಾತ್ರ ಊರು ಬಿಟ್ಟು ಬರಲೊಲ್ಲದೆ ದನ, ಹೊಲ ಎಂದು ಅಲ್ಲೇ ಉಳಿದಳು.

ನಮ್ಮ ಮೊದಲ ಮಗು ಮೂರು ತಿಂಗಳಿಗೆ ಹೋಯಿತು. ಎರಡನೆಯದು ಹೆಸರಿಡುವುದಕ್ಕೂ ಕಾಯಲಿಲ್ಲ. ಆ ಐವತ್ತರ ದಶಕದಲ್ಲಿ ಅದು ಯಾವ ಮನೆಗೂ ಹೊಸದಲ್ಲ, ಆದರೆ ನಮ್ಮ ಮನೆಗೆ ಹೊಸದಾಗಿತ್ತು. ಜಯಮ್ಮ ಮಾತು ಬಿಟ್ಟಳು. ಮೂರನೆಯ ಬಸುರಿಗೆ ಅವಳನ್ನು ನಮ್ಮವ್ವ ಸಿಂಗಾಪುರಕ್ಕೆ ಕರೆದುಕೊಂಡು ಹೋದಳು. ಹೆರಿಗೆ ಮಾಡಿಸಿದವಳು ಕೇರಿಯ ಮುನಿಯಮ್ಮ.

ಈ ಮುನಿಯಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಎಂಟು ಹೆತ್ತು ಎಂಟನ್ನೂ ಉಳಿಸಿಕೊಂಡ ಹೆಂಗಸು. ನಮ್ಮೂರಿನ ಅರ್ಧಕ್ಕರ್ಧ ಜನ ಭೂಮಿಗೆ ಬಿದ್ದದ್ದು ಅವಳ ಕೈಗೇ, ನಾನೂ ಸೇರಿ. ಮಗುವಿನ ಅಳು ಕೇಳಿದರೆ ಸಾಕು, ಇದು ಹೊಟ್ಟೆಯದೋ ಕಿವಿಯದೋ ಹಸಿವೋ ಎಂದು ಹೇಳುತ್ತಿದ್ದಳು. ಮಣಿಕಟ್ಟಿಗೆ ಬಜೆ ಬೇರಿನ ಚೂರು, ನೆತ್ತಿಗೆ ಹರಳೆಣ್ಣೆ, ತೊಟ್ಟಿಲ ಕೆಳಗೆ ಕುಡುಗೋಲು. ಹೊರಗಿಂದ ಬಂದವರು ಕಾಲು ತೊಳೆದು ಒಂದು ಗಳಿಗೆ ಕೂತು ಆಮೇಲೆ ಮಗುವನ್ನು ಮುಟ್ಟಬೇಕು. ಇವೆಲ್ಲ ಅವಳ ಕಾನೂನು. ಯಾರು ಮೀರಿದರೂ ಗದರುತ್ತಿದ್ದಳು, ಅಂಗಳದಲ್ಲಿ ನಿಂತುಕೊಂಡೇ. ಹೆರಿಗೆಯ ದಿನ ಬಿಟ್ಟರೆ ಉಳಿದ ದಿನಗಳಲ್ಲಿ ಅವಳಿಗೆ ನಮ್ಮ ಮನೆಯ ಹೊಸಿಲಿನ ಒಳಗೆ ಜಾಗವಿರಲಿಲ್ಲ. ಅವಳಿಗೆ ಕೊಡುತ್ತಿದ್ದ ನೀರನ್ನು ಮೇಲಿನಿಂದ ಹುಯ್ಯುತ್ತಿದ್ದರು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ನಡೆಯುತ್ತಿತ್ತು, ಮತ್ತು ಓದಿದ ನಾನು ಅದನ್ನು ನೋಡಿಕೊಂಡು ಸುಮ್ಮನಿದ್ದೆ.

ಮೂರನೆಯದು ಹೆಣ್ಣಾಯಿತು. ಹನ್ನೊಂದನೆಯ ದಿನ ಅವ್ವ ಮಗುವನ್ನು ತಿಪ್ಪೆಗೆ ಹಾಕಬೇಕು ಎಂದಳು. ಮಕ್ಕಳು ಉಳಿಯದ ಮನೆಯಲ್ಲಿ ನಮ್ಮ ಕಡೆ ಇದು ಹಳೆಯ ರೂಢಿ. ಅಪ್ಪ ಅಮ್ಮ ಎದೆಗೆ ಅವುಚಿಕೊಂಡ ಮಗುವಿನ ಮೇಲೆ ಸಾವಿನ ಕಣ್ಣು ಬೀಳುತ್ತದಂತೆ. ತಿಪ್ಪೆಗೆ ಎಸೆದ ಮಗು ಯಾರಿಗೂ ಬೇಡದ ಕಸ, ಅದನ್ನು ಸಾವೂ ತಿರುಗಿ ನೋಡುವುದಿಲ್ಲವಂತೆ. ನಾನು ಬೇಡವೆನ್ನಬಹುದಿತ್ತು. ಜಯಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಹಳೆಯ ಸೀರೆ ಹಾಸಿದ ಮೊರದಲ್ಲಿ ಮಗುವನ್ನು ಮಲಗಿಸಿ, ಹಿತ್ತಿಲ ತಿಪ್ಪೆಯ ಮೇಲಿಟ್ಟು, ಅವ್ವ ಹಿಂದಿರುಗಿ ನೋಡದೆ ಬಂದುಬಿಟ್ಟಳು. ಮಗು ಕಿರುಚಿ ಅಳುತ್ತಿತ್ತು. ಆ ಕಡೆಯಿಂದ ಮುನಿಯಮ್ಮ ಬಂದಳು. "ಯಾರ ಮಗಾನಪ್ಪಾ ಇದು? ಯಾರೂ ಇಲ್ವಾ? ಇಲ್ದಿದ್ರೆ ನಂದೇ" ಎಂದು ಮೂರು ಸಲ ಕೂಗಿದಳು. ನಾವು ಗೋಡೆಯ ಮರೆಯಲ್ಲಿ ಉಸಿರೆತ್ತದೆ ನಿಂತಿದ್ದೆವು. ಅವಳು ಮಗುವನ್ನು ಎತ್ತಿಕೊಂಡಳು, ಸೆರಗಿನಲ್ಲಿ ಮುಖ ಒರೆಸಿದಳು. ಆಮೇಲೆ ಮುಂಬಾಗಿಲಿಗೆ ಬಂದು, ನನಗೊಂದು ಮಗು ಸಿಕ್ಕಿದೆ, ಯಾರಾದರೂ ಸಾಕಿಕೊಳ್ಳುತ್ತೀರಾ ಎಂದು ಕೇಳಿದಳು. ಜಯಮ್ಮ ಒಂದು ಮೊರ ತೌಡು ಕೊಟ್ಟು ತನ್ನ ಮಗುವನ್ನೇ ತಾನು ಕೊಂಡುಕೊಂಡಳು. ಕೊಡುವಾಗ ಮುನಿಯಮ್ಮ ಹೇಳಿದ ಮಾತು ಇದು: "ಮಗ ನಂದು, ಸಾಕಾಟ ನಿಂದು. ವರ್ಷಕ್ಕೊಂದು ಮೊರ ತೌಡು ಕೊಡ್ತಾ ಇರು, ನಾನು ನೋಡ್ಕತೀನಿ."

ಮಗುವಿಗೆ ತಿಪ್ಪಮ್ಮ ಎಂದು ಹೆಸರಿಟ್ಟರು. ನಾವು ತಿಪ್ಪಿ ಎನ್ನುತ್ತಿದ್ದೆವು. ತಿಪ್ಪಿಗೆ ನೆಗಡಿ ಬಂತು, ಜ್ವರ ಬಂತು, ಒಂದು ಸಲ ದಡಾರವೂ ಬಂತು, ಆದರೆ ಎಲ್ಲ ದಾಟಿ ಬೆಳೆಯಿತು. ನಾನು ಇದಕ್ಕೆ ನನ್ನದೇ ಕಾರಣ ಕೊಟ್ಟುಕೊಂಡಿದ್ದೆ. ಕುದಿಸಿ ಆರಿಸಿದ ನೀರು, ಸಮಯಕ್ಕೆ ಹಾಕಿಸಿದ ಚುಚ್ಚುಮದ್ದು. ಅವ್ವ ಮಾತ್ರ ವರ್ಷವರ್ಷವೂ ತಿಪ್ಪಿಯನ್ನು ಕೇರಿಗೆ ಕರೆದುಕೊಂಡು ಹೋಗಿ ತೌಡು ಕೊಡಿಸಿ ಬರುತ್ತಿದ್ದಳು. ಮುನಿಯಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಲ್ಲ ತಿನ್ನಿಸುತ್ತಿದ್ದಳಂತೆ. ತಿಪ್ಪಿ ಅವಳನ್ನು ಮುನಿಯವ್ವ ಎನ್ನುತ್ತಿದ್ದಳು. ಇರಲಿ ಬಿಡಿ, ಮುದುಕಿಯರ ಆಟ ಎಂದು ನಾನು ಸುಮ್ಮನಾಗಿದ್ದೆ.

ತಿಪ್ಪಿಗೆ ಮೂರು ತುಂಬಿದ ಮೇಲೆ ಗಂಡು ಮಗುವಾಯಿತು. ಈ ಸಲ ನಾನು ಯಾರ ಮಾತೂ ಕೇಳಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದೆ. ಪ್ರಕಾಶ ಎಂದು ಹೆಸರು ನಾನೇ ಆರಿಸಿದೆ. ಗಂಡು ಹುಟ್ಟಿದ ಮೇಲೆ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದರೂ ಸುಳ್ಳಲ್ಲ. ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದೆ, ನೋಡಿದವರಿಗೆಲ್ಲ ತೋರಿಸುತ್ತಿದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಅವ್ವ ಬಂದಳು. ಕಂಕುಳಲ್ಲಿ ಹೊಸ ಮೊರ. ಅವಳ ಹಿಂದೆ, ಹತ್ತು ಮಾರು ದೂರದಲ್ಲಿ ಮುನಿಯಮ್ಮ. ಅಟ್ಟೂರು ಕೆರೆ ಏರಿಯ ಮೇಲೆ ಆ ವಯಸ್ಸಿನಲ್ಲಿ ಇಬ್ಬರೂ ಗಂಟೆಗೂ ಮೀರಿದ ದಾರಿಯನ್ನು ನಡೆದುಕೊಂಡೇ ಬಂದಿದ್ದರು. ಪೇಟೆ ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಮೇಷ್ಟ್ರ ಮನೆಯಲ್ಲಿ ಇದೇನು ಎಂಬ ಆ ನೋಟಕ್ಕೆ ನನಗೆ ಮೈಯೆಲ್ಲ ಉರಿಯಿತು. ಮೊದಲೇ ನಾನು ಮುಂಗೋಪಿ. ಮಗು ನನ್ನ ತೋಳಲ್ಲಿತ್ತು. "ನನ್ನ ಮಗನ್ನ ತಿಪ್ಪೆಗೆ ಹಾಕೋಕೆ ನನಗೇನು ಹುಚ್ಚು ಹಿಡಿದಿದೆಯಾ? ಹೋಗವ್ವಾ, ನಿನ್ನ ಮೊರ ತಗೊಂಡು ಹೋಗು" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ.

ಅವ್ವ ಅಳುವುದಕ್ಕೆ ಶುರುಮಾಡಿದಳು. ಮುನಿಯಮ್ಮ ಅಳಲಿಲ್ಲ. ಅಂಗಳದಲ್ಲಿ ನಿಂತು ಎರಡೂ ಕೈ ಮುಂದಕ್ಕೆ ಒಡ್ಡಿದಳು, ಅಂಗೈ ಮೇಲೆ ಮಾಡಿಕೊಂಡು. "ತಿಪ್ಪೆ ಬ್ಯಾಡ ಸೋಮಿ, ಇಲ್ಲೇ ಒಂದು ಸಲ ನನ್ ಕೈಗೆ ಕೊಟ್ಬಿಡಿ. ಒಂದು ಗಳಿಗೆ ಸಾಕು. ತೌಡೂ ಬ್ಯಾಡ" ಎಂದಳು. ನಾನು ಕೊಡಲಿಲ್ಲ. ಕಾರಣ ಮೂಢನಂಬಿಕೆಯ ಮೇಲಿನ ಸಿಟ್ಟು ಎಂದೇ ಆಗ ಅಂದುಕೊಂಡಿದ್ದೆ. ನೋಡುತ್ತಿದ್ದ ಬೀದಿಯ ಎದುರು ಕೇರಿಯವಳ ಕೈಗೆ ಮಗನನ್ನು ಕೊಡುವ ಸಂಕೋಚವೂ ಅದರಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅವಳು ಎಷ್ಟೋ ಹೊತ್ತು ಹಾಗೆಯೇ ಕೈ ಒಡ್ಡಿಕೊಂಡು ನಿಂತಿದ್ದು, ಆಮೇಲೆ ಕೈ ಇಳಿಸಿದಳು. ಹೋಗುವಾಗ ಮನೆಯ ಪಕ್ಕದ ಓಣಿಯಲ್ಲಿ ಹಾದು ಹಿಂಬದಿಯ ಪಾಳುಮನೆಯೊಳಕ್ಕೆ ಹೋಗಿ, ನಮ್ಮ ಒಳಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿದಳು. ಪಾಳುಮನೆಗೆ ಸೂರಿರಲಿಲ್ಲ. ಎರಡು ಮನೆಗೂ ಅದೊಂದೇ ಮಣ್ಣಿನ ಗೋಡೆ. ಓಣಿಯ ಕಿಟಕಿಯಿಂದ ಒಳಗಿದ್ದ ತೊಟ್ಟಿಲು ಕಂಡಿರಬೇಕು. "ಈ ಗ್ವಾಡೆ ನೀರು ಕುಡೀತಾ ಐತೆ ಸೋಮಿ. ತೊಟ್ಟಿಲು ಆ ಕಡೀಕೆ ಕಟ್ಕಳಿ" ಎಂದಳು. ಹೋದ ತಿಂಗಳು ತಾನೇ ಸುಣ್ಣ ಹೊಡೆಸಿದ್ದೇನೆ ಎಂದು ನಾನು ರೇಗಿದೆ. "ಸುಣ್ಣ ಒಡ್ದ್ರೆ ಗ್ವಾಡೆ ವಯಸ್ಸು ಕಮ್ಮಿ ಆಯ್ತದಾ?" ಎಂದು ಹೇಳಿ ಹೋದಳು. ನಾನು ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವನು. ಆ ಮಾತು ನನಗೆ ತಿಳಿಯಬೇಕಿತ್ತು. ಮೊರ, ತಿಪ್ಪೆ, ಗೋಡೆ ಎಲ್ಲವನ್ನೂ ಒಟ್ಟಿಗೆ ಒಂದೇ ಮೂಟೆ ಕಟ್ಟಿ ಎಸೆದುಬಿಟ್ಟೆ.

ಮುಂದಿನ ವರ್ಷ ಮುನಿಯಮ್ಮನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಹಾಸಿಗೆ ಹಿಡಿದಳು. ಆ ವರ್ಷವೂ ಅವ್ವ ತಿಪ್ಪಿಯ ಕೈಯಲ್ಲಿ ತೌಡು ಕೊಡಿಸಿ ಬಂದಳು.

ಈಗ ಆ ದಿನಕ್ಕೆ ಬರುತ್ತೇನೆ. ಅರವತ್ತನೆಯ ಇಸವಿಯ ಆಸುಪಾಸು. ಚಿತ್ತೆ ಮಳೆ ನಾಲ್ಕು ದಿನದಿಂದ ಬಿಟ್ಟೂ ಬಿಡದೆ ಹಿಡಿದುಕೊಂಡಿತ್ತು. ತಿಪ್ಪಿಗೆ ಐದು ನಡೆಯುತ್ತಿತ್ತು, ಪ್ರಕಾಶನಿಗೆ ಒಂದೂವರೆ. ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಿದ್ದೆ. ಪ್ರಕಾಶ ನನ್ನ ತಟ್ಟೆಯಿಂದ ಅನ್ನ ತೆಗೆದು ನನ್ನ ಬಾಯಿಗೇ ಇಡುತ್ತಿದ್ದ. ನಾನು ಕೈ ತೊಳೆದು ಮತ್ತೆ ಶಾಲೆಗೆ ಹೊರಟೆ. ಆಮೇಲೆ ನಡೆದದ್ದನ್ನು ಜಯಮ್ಮ ಹೇಳಿದಂತೆ ಬರೆಯುತ್ತಿದ್ದೇನೆ. ಅವಳು ಪ್ರಕಾಶನನ್ನು ತೊಟ್ಟಿಲಿಗೆ ಹಾಕಿದಳು. ತಿಪ್ಪಿ ಎಂದಿನಂತೆ ತೊಟ್ಟಿಲ ಕೆಳಗೆ ಚಾಪೆಯ ಮೇಲೆ ಮಲಗಿ, ತೊಟ್ಟಿಲ ಹಗ್ಗ ಹಿಡಿದು ತೂಗುತ್ತಾ ಹಾಗೇ ನಿದ್ದೆ ಹೋಯಿತು. ಮಳೆ ಹನಿಯಾಗಿತ್ತು. ಕುಡಿಯುವ ನೀರು ಮುಗಿದಿತ್ತು. ಜಯಮ್ಮ ಬಿಂದಿಗೆ ಎತ್ತಿಕೊಂಡು ಬಾಗಿಲು ಎಳೆದುಕೊಂಡಾಗ ಮಧ್ಯಾಹ್ನದ ಪ್ಯಾಸೆಂಜರ್ ರೈಲು ಕೂಗಿತು. ಅವಳು ಒಂದು ಸಲ ತಿರುಗಿ ನೋಡಿದಳು. ಇಬ್ಬರೂ ಮಲಗಿದ್ದರು. ಬಾವಿ ಇದ್ದದ್ದು ಬೀದಿಯ ಕೊನೆಯಲ್ಲಿ. ಮೊದಲ ಬಿಂದಿಗೆ ಸೇದುವುದರೊಳಗೆ ದೊಪ್ಪೆಂದು ಸದ್ದು ಕೇಳಿತು.

ಶಾಲೆಗೆ ಯಾರೋ ಓಡಿ ಬಂದರು. ನಾನು ಚಪ್ಪಲಿ ಬಿಟ್ಟು ಓಡಿದೆ. ಒಳಕೋಣೆ ಇರಲಿಲ್ಲ. ಗೋಡೆ ಅಡ್ಡಕ್ಕೆ ಬಿದ್ದು, ಅದರ ಮೇಲೆ ತೊಲೆ, ತೊಲೆಯ ಮೇಲೆ ಹೆಂಚು. ಹೊರಗೆ ಸುಣ್ಣದ ಬಿಳುಪು ಕಾಣುತ್ತಿತ್ತು, ಒಳಗಿನ ಮಣ್ಣು ಮುದ್ದೆಯ ಹಿಟ್ಟಿನಂತೆ ನೆನೆದಿತ್ತು. ಬೀದಿಯವರು ಗುದ್ದಲಿ ಹಿಡಿದು ಬಂದರು. ನಾನು ಮಕ್ಕಳಿಗೆ ತಗುಲೀತು ಎಂದು ಗುದ್ದಲಿ ಬೇಡವೆಂದು ಕೂಗುತ್ತಾ ಕೈಯಲ್ಲೇ ತೋಡಿದೆ.

ತೊಟ್ಟಿಲು ಬೇಗ ಸಿಕ್ಕಿತು. ಪ್ರಕಾಶ ಅದರಲ್ಲೇ ಇದ್ದ. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಇಷ್ಟಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ಅವನನ್ನು ಜಯಮ್ಮನ ಮಡಿಲಿಗೆ ಹಾಕಿ ಮತ್ತೆ ತೋಡಲು ಹೋದೆ. ಇನ್ನೊಂದು ಮಗು ಅಡಿಯಲ್ಲಿತ್ತಲ್ಲ. ಚಾಪೆ ಸಿಕ್ಕಿತು. ತಿಪ್ಪಿ ಹೊದೆಯುತ್ತಿದ್ದ ಕೌದಿ ಸಿಕ್ಕಿತು. ತೊಟ್ಟಿಲ ಹಗ್ಗ ಸಿಕ್ಕಿತು. ತಿಪ್ಪಿ ಸಿಗಲಿಲ್ಲ. ಕೋಣೆಯ ಒಂದೊಂದು ಹೆಂಟೆಯನ್ನೂ ಹೊರಗೆ ಹಾಕಿದೆವು. ನೆಲದ ಗಾರೆ ಕಾಣುವವರೆಗೆ ತೋಡಿದೆವು. ಎದ್ದು ಹೊರಗೆ ಹೋಗಿತ್ತೇನೋ ಎಂದು ಬೀದಿ, ಬಾವಿ, ಪಾಳುಮನೆ ಎಲ್ಲ ಹುಡುಕಿದರು. ಬಾವಿಗೆ ಪಾತಾಳಗರಡಿಯ ಕೊಕ್ಕೆಗಳನ್ನೂ ಬಿಟ್ಟು ಜಾಲಾಡಿದರು. ಎಲ್ಲೂ ಇಲ್ಲ. ಜನ ಮೊದಲು ಓಡಿ ಬಂದಾಗ ಬಾಗಿಲು ಜಯಮ್ಮ ಎಳೆದುಕೊಂಡಂತೆಯೇ ಇತ್ತಂತೆ. ಇಬ್ಬರೂ ಹೋದರು ಎಂದು ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ.

ದೀಪ ಹಚ್ಚುವ ಹೊತ್ತಿಗೆ ಸಿಂಗಾಪುರದಿಂದ ನನ್ನ ಚಿಕ್ಕಪ್ಪನ ಮಗ ಕೆಂಪಣ್ಣ ಸೈಕಲ್ ತುಳಿದುಕೊಂಡು ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ದೂರದಿಂದಲೇ ದನಿ ಏರಿಸಿದ. "ಅಲ್ಲಾ ಅಣ್ಣಾ, ನಿಂಗೇನು ಬುದ್ಧಿಗಿದ್ಧಿ ಐತಾ? ಅಷ್ಟು ದೂರ ಮಗೀನ ಒಂಟಿಯಾಗಿ ಕಳ್ಸಿದ್ದೀಯಲ್ಲಾ, ದೊಡ್ಡವ್ವ ಬಾಯಿಗೆ ಬಂದಂಗೆ ಬೈತಾವ್ಳೆ..." ಅಷ್ಟರಲ್ಲಿ ಜನ ಕಂಡರು, ಬಿದ್ದ ಗೋಡೆ ಕಂಡಿತು, ಜಯಮ್ಮನ ಮಡಿಲು ಕಂಡಿತು. ನಾನು ಅವನ ಹೆಗಲು ಹಿಡಿದು ಯಾವ ಮಗು, ಯಾವ ಮಗು ಎಂದು ಕೇಳುತ್ತಿದ್ದೆನಂತೆ. ನನಗೆ ಅದು ನೆನಪಿಲ್ಲ.

ಮಾರನೆಯ ದಿನ ಬೆಳಕು ಹರಿಯುವಾಗ ಅವ್ವ ತಿಪ್ಪಿಯನ್ನು ಕರೆದುಕೊಂಡು ಗಾಡಿಯಲ್ಲಿ ಬಂದಳು. ಜಯಮ್ಮ ತಿಪ್ಪಿಯನ್ನು ಮೇಲಿಂದ ಕೆಳಗಿನವರೆಗೆ ಮುಟ್ಟಿ ಮುಟ್ಟಿ ನೋಡಿದಳು. ಕೂದಲು ಮೂಸಿದಳು. ಕೂದಲಲ್ಲಿ ತೌಡಿನ ಪುಡಿ ಇತ್ತು. ಒಂದು ಮಗುವನ್ನು ಹೂಳಬೇಕು, ಒಂದು ಮಗುವಿಗೆ ತಲೆ ಬಾಚಬೇಕು. ಆ ಬೆಳಿಗ್ಗೆ ಅವಳು ಎರಡನ್ನೂ ಮಾಡಿದಳು.

ಅವ್ವ ಹೇಳಿದ್ದು ಇಷ್ಟು. ಹಿಂದಿನ ಮಧ್ಯಾಹ್ನ ಅವಳು ಕೊಟ್ಟಿಗೆ ಬಾಚಿ ಸಗಣಿ ಮಂಕರಿ ಎತ್ತಿಕೊಂಡಾಗ ರೈಲು ಕೂಗಿತು. ಮಳೆಗಾಲದ ಗಾಳಿಯಲ್ಲಿ ಯಲಹಂಕದ ರೈಲಿನ ಕೂಗು ಸಿಂಗಾಪುರಕ್ಕೂ ಕೇಳಿಸುತ್ತದೆ, ಅದು ನಿಜ. ಹಿತ್ತಿಲಿಗೆ ಹೋಗಿ ನೋಡಿದರೆ ತಿಪ್ಪಿ ತಿಪ್ಪೆಯ ಮೇಲೆ ಕೂತಿದೆ. ಹನ್ನೊಂದು ದಿನದ ಕೂಸಾಗಿದ್ದಾಗ ಮಲಗಿಸಿದ್ದ ಅದೇ ಕಡೆ. ಕಣ್ಣಲ್ಲಿ ಇನ್ನೂ ನಿದ್ದೆ. ಹನಿ ಬೀಳುತ್ತಿತ್ತು, ಆದರೆ ಲಂಗ ಒಣಗಿತ್ತು, ಅಂಗಾಲಿನಲ್ಲಿ ಕೆಸರಿರಲಿಲ್ಲ. ನಾವು ಯಾರೋ ಜೊತೆಯಲ್ಲಿ ಬಂದಿದ್ದೇವೆ, ತಮಾಷೆಗೆ ಬಚ್ಚಿಟ್ಟುಕೊಂಡಿದ್ದೇವೆ ಎಂದು ಅವ್ವ ಸ್ವಲ್ಪ ಹೊತ್ತು ನಮ್ಮನ್ನು ಹುಡುಕಿದಳಂತೆ.

ನಾನು ತಿಪ್ಪಿಯನ್ನು ಪಕ್ಕಕ್ಕೆ ಕರೆದು ಹೇಗೆ ಹೋದೆ ಕಂದಾ ಎಂದು ಕೇಳಿದೆ.

"ಮುನಿಯವ್ವ ಎತ್ಕೊಂಡ್ ಹೋದ್ಲು."

"ಮುನಿಯವ್ವ ಎಲ್ಲಿ ಬಂದಿದ್ಲು?"

"ತೊಟ್ಟಿಲ ಹತ್ರ. ಏಳು ಮಗಾ ಅಂದ್ಲು." ಆಮೇಲೆ ಮಗು ತಾನೇ ಹೇಳಿತು, ನಾನು ಕೇಳಿರಲಿಲ್ಲ: "ತಮ್ಮನ್ನೂ ಎತ್ಕೋ ಅಂದೆ. ಎತ್ಕೊಳ್ಳಿಲ್ಲ."

ಮೂರನೆಯ ದಿನದ ಶಾಸ್ತ್ರ ಮುಗಿಸಿ ನಾನು ಸೈಕಲ್ ಹತ್ತಿದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ದಾರಿಯುದ್ದಕ್ಕೂ ವಿಚಾರಿಸಿದೆ. ಆ ದಿನ ಸಂತೆಯಿರಲಿಲ್ಲ, ಸಿಂಗಾಪುರದ ಗಾಡಿಗಳು ಯಾವುವೂ ಪೇಟೆಗೆ ಬಂದಿರಲಿಲ್ಲ. ಅಟ್ಟೂರು ಕೆರೆಯ ಹತ್ತಿರ ಕುರಿ ಕಾಯುವವನು ಮಗು ಹೊತ್ತ ಹೆಂಗಸನ್ನು ಕಂಡಿರಲಿಲ್ಲ. ನಿಲ್ದಾಣದಲ್ಲಿ ಕೇಳಿದೆ. ಪ್ಯಾಸೆಂಜರ್ ಆದ ಮೇಲೆ ಒಂದು ಗೂಡ್ಸ್ ಗಾಡಿಯೂ ಹೋಗಿತ್ತಂತೆ, ಯಾವ ಹೊತ್ತಿಗೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಅವ್ವ ಕೇಳಿಸಿಕೊಂಡದ್ದು ಆ ಎರಡನೆಯ ಕೂಗನ್ನೇ ಇರಬಹುದು. ಹಾಗಿದ್ದರೆ ಸ್ವಲ್ಪ ಹೊತ್ತು ಸಿಗುತ್ತದೆ. ಗೋಡೆ ಬೀಳುವ ಮುನ್ನ ತಿಪ್ಪಿ ಎದ್ದು ಹೊರಬಿದ್ದು, ಬಾಗಿಲನ್ನು ಇದ್ದಂತೆ ಎಳೆದು, ಯಾರದೋ ಗಾಡಿ ಹತ್ತಿರಬಹುದು. ತಿಪ್ಪೆಯಲ್ಲಿ ತೌಡಿರುವುದೂ ಆಶ್ಚರ್ಯವಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನಬಹುದು. ಇಷ್ಟೆಲ್ಲ 'ಬಹುದು'ಗಳನ್ನು ನನ್ನ ವಿದ್ಯಾರ್ಥಿ ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ನಾನು ಅಡ್ಡಗೆರೆ ಎಳೆಯುತ್ತಿದ್ದೆ.

ಆದರೂ ಸೈಕಲ್ ಕೇರಿಯ ಕಡೆಗೇ ತಿರುಗಿತು. ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ದಾರಿಯುದ್ದಕ್ಕೂ ನನಗೆ ಮುನಿಯಮ್ಮನ ಮೇಲೆ ಸಿಟ್ಟು ಕುದಿಯುತ್ತಿತ್ತು. ಅವಳು ಬಂದಿರಲು ಸಾಧ್ಯವೇ ಇಲ್ಲ ಎಂದು ಒಂದು ಮನಸ್ಸು ಹೇಳುತ್ತಿತ್ತು. ಬಂದವಳು ನನ್ನ ಮಗನನ್ನು ಯಾಕೆ ಬಿಟ್ಟು ಹೋದಳು ಎಂದು ಇನ್ನೊಂದು ಮನಸ್ಸು ಹಲ್ಲು ಕಡಿಯುತ್ತಿತ್ತು. ಬಂದೇ ಇರದವಳ ಮೇಲೆ ಸಿಟ್ಟು ಯಾಕೆ ಬರಬೇಕು? ನನಗೆ ಆಗಲೂ ಅರ್ಥವಾಗಲಿಲ್ಲ.

ಹುಟ್ಟಿದಾಗಿನಿಂದ ಆ ಊರಲ್ಲಿದ್ದರೂ ಕೇರಿಯ ಗುಡಿಸಲೊಂದರ ಒಳಗೆ ನಾನು ಹೋದದ್ದು ಅದೇ ಮೊದಲು. ಮುನಿಯಮ್ಮ ಕತ್ತಿನವರೆಗೆ ಕಂಬಳಿ ಹೊದ್ದು ಮಲಗಿದ್ದಳು. ಮುಖ ಒಂದು ಕಡೆಗೆ ಸೊಟ್ಟಗಾಗಿತ್ತು. ಇವಳು ಮೂರು ದಿನದ ಹಿಂದೆ ಎಲ್ಲಿಗಾದರೂ ಹೋಗಿದ್ದಳಾ ಎಂದು ಅವಳ ಸೊಸೆಯನ್ನು ಕೇಳಿದೆ. ಸೊಸೆ ನನ್ನ ಮುಖವನ್ನೇ ನೋಡಿದಳು. "ಎಲ್ಲಿಗೆ ಓದಾಳು ಸೋಮಿ? ಮಗ್ಗುಲು ಮಗುಚಬೇಕಾದ್ರೂ ನಾವೇ ಕೈ ಕೊಡಬೇಕು" ಎಂದಳು. ಆಮೇಲೆ ಅವಳೇ ನೆನಪು ಮಾಡಿಕೊಂಡು, ಆ ದಿನ ಮಧ್ಯಾಹ್ನ ಅತ್ತೆ ಎಷ್ಟು ಕೂಗಿದರೂ ಕಣ್ಣು ಬಿಟ್ಟಿರಲಿಲ್ಲ, ಹೋಗಿಯೇಬಿಟ್ಟಳೇನೋ ಎಂದು ನಾವೆಲ್ಲ ಅತ್ತಿದ್ದೆವು, ಸಂಜೆ ಕಣ್ಣು ಬಿಟ್ಟಳು ಎಂದಳು.

ನಾನು ಚಾಪೆಯ ಪಕ್ಕದಲ್ಲಿ ಕೂತೆ. ಕಂಬಳಿಯ ಕೊನೆಯಲ್ಲಿ ಅವಳ ಪಾದಗಳ ಉಬ್ಬು ಕಾಣುತ್ತಿತ್ತು. ಕಂಬಳಿ ಸರಿಸಿ ಪಾದ ನೋಡಬಹುದಿತ್ತು. ಕೆಸರಿದೆಯೋ ಇಲ್ಲವೋ, ಒಂದು ಕ್ಷಣದ ಕೆಲಸ. ಕಣ್ಣಾರೆ ನೋಡದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದ ನಾನು ಕೈ ಚಾಚಲಿಲ್ಲ. ಕೆಸರಿದ್ದರೂ ತಡೆದುಕೊಳ್ಳಲಾರೆ, ಇಲ್ಲದಿದ್ದರೂ ತಡೆದುಕೊಳ್ಳಲಾರೆ ಎನ್ನಿಸಿತು.

"ಮುನಿಯಮ್ಮ, ಹೆಣ್ಣು ಮಗೂನ ಎತ್ಕೊಂಡು ಬಂದೆಯಂತೆ. ಗಂಡು ಮಗೂನ ಯಾಕೆ ಬಿಟ್ಟೆ?" ಎಂದೆ. ಅತ್ತುಬಿಟ್ಟೆ. ಮಗನನ್ನು ಹೂತಾಗಲೂ ಬಾರದ ಅಳು ಆ ಗುಡಿಸಲಲ್ಲಿ ಬಂತು.

ಬಂದಿದ್ದೆ ಎಂದು ಅವಳು ಹೇಳಲಿಲ್ಲ. ಬಂದಿರಲಿಲ್ಲ ಎಂದೂ ಹೇಳಲಿಲ್ಲ. ಚೆನ್ನಾಗಿದ್ದ ಒಂದು ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾಲಿಗೆ ತೊದಲುತ್ತಿತ್ತು, ಆದರೂ ಒಂದೊಂದು ಮಾತೂ ನನಗೆ ತಿಳಿಯಿತು.

"ಕೈ ಒಡ್ಡಿದ್ನಲ್ಲಾ ಸೋಮಿ. ನೀವು ಕೊಡ್ನಿಲ್ಲ. ಕೊಡ್ದೆ ಇರೋ ಮಗೀನ ನಾನು ಎಂಗೆ ಮುಟ್ಲಿ?"

ಹದಿನೈದು ದಿನ ಕಳೆಯುವುದರೊಳಗೆ ಅವಳು ತೀರಿಕೊಂಡಳು. ಮಣ್ಣಿಗೆ ನಾನೂ ಹೋಗಿದ್ದೆ, ಊರವರು ಹುಬ್ಬು ಗಂಟಿಕ್ಕಿದರೂ ಹೋದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದು ನನಗೇ ಹೇಳಿದ ಗಾದೆ. ಆ ವರ್ಷದಿಂದ ತಾಯಿತ ಬಿಚ್ಚಿಸುವ ಆಟವನ್ನೂ ತರಗತಿಯಲ್ಲಿ ನಿಲ್ಲಿಸಿದೆ. ನಂಬಿಕೆ ಬಂತು ಎಂದಲ್ಲ. ಕಟ್ಟಿದವಳು ಏನನ್ನು ನೋಡಿ ಕಟ್ಟಿದಳೋ ನನಗೇನು ಗೊತ್ತು?

ತಿಪ್ಪಿಗೆ ಆ ದಿನದ್ದು ಏನೂ ನೆನಪಿಲ್ಲ. ತಮ್ಮನೊಬ್ಬನಿದ್ದ ಎನ್ನುವುದನ್ನು ಕೂಡ ನಾವು ಹೇಳಿಯೇ ತಿಳಿದದ್ದು. ಶಾಲೆಗೆ ಸೇರಿಸುವಾಗ ಬೇರೆ ಒಳ್ಳೆಯ ಹೆಸರು ಕೊಡೋಣ ಎಂದು ಬಹಳ ಹಿಂದೆಯೇ ಒಂದು ಹೆಸರು ಯೋಚಿಸಿಟ್ಟಿದ್ದೆ. ಕೊನೆಗೆ ತಿಪ್ಪಮ್ಮ ಎಂದೇ ಬರೆಸಿದೆ.

ಮುನಿಯಮ್ಮ ತೊಟ್ಟಿಲ ಹತ್ತಿರಕ್ಕೆ ಹೇಗೆ ಬಂದಳು, ಬಂದಳೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ತಿಳಿದವರಿದ್ದರೆ ಹೇಳಿ, ಕೇಳುತ್ತೇನೆ. ನನಗೆ ನಿಶ್ಚಯವಾಗಿ ಗೊತ್ತಿರುವುದು ಬೇರೆ ಒಂದು ದಿನದ ಸಂಗತಿ. ಅಂದು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಅವಳು ಎರಡೂ ಕೈ ಒಡ್ಡಿಕೊಂಡು ನಿಂತಿದ್ದಳು. ಮಗು ನನ್ನ ತೋಳಲ್ಲೇ ಇತ್ತು.